ಎಂಜಿನ್ ಕೆಲಸವಿರುವ ಹಳೆಯ ಕಾರು: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯು ಶೇ. 28ರಿಂದ ಶೇ. 18ಕ್ಕೆ ಇಳಿಯಿತು, ಅದರ ಮೇಲಿದ್ದ ಪರಿಹಾರ ಸೆಸ್ ಕೂಡ ಹೋಯಿತು. ನಾಲ್ಕು ಮೀಟರ್ ಮೀರದ, 1,200 ಸಿ.ಸಿ. ಒಳಗಿನ ಪೆಟ್ರೋಲ್ ಹಾಗೂ 1,500 ಸಿ.ಸಿ. ಒಳಗಿನ ಡೀಸೆಲ್ ಕಾರುಗಳಿಗೆ ಈ ದರ ಅನ್ವಯಿಸುತ್ತದೆ. ಹೊಸ ಕಾರಿನ ಬೆಲೆ ಇಳಿದಾಗ ಅದರ ಬಿಸಿ ಹಳೆಯ ಕಾರಿನ ಮಾರುಕಟ್ಟೆಗೂ ತಟ್ಟುತ್ತದೆ. ಸುಸ್ಥಿತಿಯ ಹಳೆಯ ಕಾರಿನ ಬೆಲೆ ಒಂದಿಷ್ಟು ಜಗ್ಗಿದರೆ, ದುರಸ್ತಿ ಬೇಡುವ ಕಾರಿಗೂ ಅದಕ್ಕೂ ಇದ್ದ ಅಂತರ ಕಿರಿದಾಗುತ್ತದೆ. ಆದರೂ 'ಎಂಜಿನ್ ಕೆಲಸವಿದೆ, ಅದಕ್ಕೇ ಈ ಬೆಲೆ' ಎಂಬ ಮಾತಿನೊಡನೆ ಬರುವ ಕಾರುಗಳಿಗೆ ವ್ಯಾಪಾರಸ್ಥರಲ್ಲಿಯೂ ಸಣ್ಣ ಉದ್ದಿಮೆದಾರರಲ್ಲಿಯೂ ಇಂದಿಗೂ ಗಿರಾಕಿಗಳಿದ್ದಾರೆ. ಅಂಥ ಕಾರು ಯಾವ ಬೆಲೆಗೆ ಲಾಭ, ಯಾವ ಬೆಲೆಗೆ ನಷ್ಟ ಎಂಬುದನ್ನು ಕಾಗದದ ಮೇಲೆ ಬಿಡಿಸಿ ನೋಡುವವರು ಮಾತ್ರ ಕಡಿಮೆ. ಒಂದು ಲೇತ್ ಕೊಳ್ಳುವಾಗ ಮೂರು ಕೊಟೇಶನ್ ತರಿಸುವ ಉದ್ದಿಮೆದಾರರೇ ಕಾರಿನ ವಿಷಯದಲ್ಲಿ ಒಬ್ಬ ಪರಿಚಿತ ಮೆಕ್ಯಾನಿಕ್‌ನ ಮಾತಿಗೆ ತಲೆದೂಗುವುದುಂಟು.

ಉದಾಹರಣೆಗೆ ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಬಿಡಿಭಾಗಗಳನ್ನು ತಯಾರಿಸುವ ಒಂದು ಪಾಲುದಾರಿಕೆ ಸಂಸ್ಥೆಯನ್ನು ತೆಗೆದುಕೊಳ್ಳಬಹುದು. ಕೊಲ್ಹಾಪುರ ಮತ್ತು ಹುಬ್ಬಳ್ಳಿಯ ಗ್ರಾಹಕರನ್ನು ಕಾಣಲು ಪಾಲುದಾರರು ತಿಂಗಳಿಗೆ ಎಂಟು ಹತ್ತು ಬಾರಿ ಹೋಗಿಬರಬೇಕು. ಎರಡೂ ಊರುಗಳು ನೂರು ಕಿಲೋಮೀಟರಿನ ಆಚೀಚೆ. 2012ರಲ್ಲಿ ನೋಂದಣಿಯಾದ ಸ್ವಿಫ್ಟ್ ಡಿಸೈರ್ ಡೀಸೆಲ್ ಕಾರೊಂದು 1,80,000 ರೂಪಾಯಿಗೆ ಬಂದಿದೆ. ಅದೇ ವರ್ಷದ, ತಕರಾರಿಲ್ಲದ ಕಾರಿಗೆ ಪೇಟೆಯಲ್ಲಿ 3,25,000 ರೂಪಾಯಿ ಇದೆ. ಮಾರಾಟಕ್ಕಿರುವ ಕಾರು ಬೆಳಿಗ್ಗೆ ಹೊತ್ತಿಕೊಳ್ಳಲು ತಡಮಾಡುತ್ತದೆ, ನೀಲಿ ಹೊಗೆ ಬಿಡುತ್ತದೆ, ಎಂಜಿನ್ ಆಯಿಲ್ ಕುಡಿಯುತ್ತದೆ. ಖರ್ಚು ಎಷ್ಟಾದೀತು ಎಂದು ಕೇಳಿದರೆ ಮೇಸ್ತ್ರಿಯ ಉತ್ತರ ಒಂದೇ: 'ಬಿಚ್ಚಿ ನೋಡಿದ ಮ್ಯಾಲೆ ಹೇಳ್ತೀನ್ರಿ ಸಾವ್ಕಾರ್ರ.' ಇಲ್ಲಿ ಕೊಟ್ಟಿರುವ ಬೆಲೆಗಳು ಲೆಕ್ಕವನ್ನು ತೋರಿಸಲು ತೆಗೆದುಕೊಂಡವು. ಊರಿಂದೂರಿಗೆ, ಗಾಡಿಯಿಂದ ಗಾಡಿಗೆ ಅವು ಬದಲಾಗುತ್ತವೆ. ಲೆಕ್ಕದ ಕ್ರಮ ಬದಲಾಗುವುದಿಲ್ಲ.

ನೀರಿನಲ್ಲಿರುವ ಎಮ್ಮೆಗೆ ಬೆಲೆ ಕಟ್ಟುವುದು ಎಂಬ ನಮ್ಮ ಕಡೆಯ ಮಾತು ಈ ವ್ಯವಹಾರಕ್ಕೆ ಚೆನ್ನಾಗಿ ಒಪ್ಪುತ್ತದೆ. ಬಿಚ್ಚದ ಎಂಜಿನ್ನಿನ ಒಳಗೆ ಏನಿದೆ ಎಂಬುದು ಮಾರುವವರಿಗೂ ಪೂರ್ತಿ ತಿಳಿದಿರುವುದಿಲ್ಲ. ಆದ್ದರಿಂದ ಬೆಲೆಯಲ್ಲಿ ಸಿಗುವ 1,45,000 ರೂಪಾಯಿಗಳ ರಿಯಾಯಿತಿಯು ದುರಸ್ತಿಯ ಖರ್ಚಷ್ಟೇ ಅಲ್ಲ. ಆ ಅನಿಶ್ಚಿತತೆಯನ್ನು ಕೊಳ್ಳುವವರು ತಮ್ಮ ತಲೆಯ ಮೇಲೆ ಹೊತ್ತುಕೊಳ್ಳುವುದಕ್ಕೆ ಸಿಗುವ ಕೂಲಿಯೂ ಅದರಲ್ಲಿಯೇ ಸೇರಿದೆ. ಆ ಕೂಲಿ ಸಾಕೇ ಎಂಬುದೇ ತೀರ್ಮಾನಿಸಬೇಕಾದ ಪ್ರಶ್ನೆ.

ಸರಾಸರಿಯ ಲೆಕ್ಕ, ಒಂದೇ ಕಾರಿನ ಲೆಕ್ಕ

ಈ ಲಕ್ಷಣಗಳಿರುವ ಕಾರಿನಲ್ಲಿ ಮೂರು ಬಗೆಯ ಫಲಿತಾಂಶಗಳು ಸಾಧ್ಯ. ವಾಲ್ವ್ ಸೀಲು, ಹೆಡ್ ಗ್ಯಾಸ್ಕೆಟ್, ಟೈಮಿಂಗ್ ಚೈನ್ ಮುಂತಾದವುಗಳಲ್ಲಿಯೇ ಕೆಲಸ ಮುಗಿದರೆ 45,000 ರೂಪಾಯಿ. ರಿಂಗು, ಪಿಸ್ಟನ್, ಬೇರಿಂಗ್‌ಗಳವರೆಗೆ ಹೋದರೆ 90,000. ಕ್ರ್ಯಾಂಕಿಗೆ ಗೀರು ಬಿದ್ದು, ಟರ್ಬೊ ಮತ್ತು ಇಂಜೆಕ್ಟರುಗಳೂ ಕೈಕೊಟ್ಟಿದ್ದರೆ 1,60,000. ಅನುಭವಸ್ಥ ಮೇಸ್ತ್ರಿಯು ಇಂಥ ಹತ್ತು ಗಾಡಿಗಳಲ್ಲಿ ನಾಲ್ಕು ಮೊದಲ ಬಗೆ, ನಾಲ್ಕು ಎರಡನೆಯ ಬಗೆ, ಎರಡು ಮೂರನೆಯ ಬಗೆ ಎಂದು ಹೇಳಿದನೆಂದು ಇಟ್ಟುಕೊಂಡರೆ ಸರಾಸರಿ ದುರಸ್ತಿ ವೆಚ್ಚ 86,000 ರೂಪಾಯಿ ಆಗುತ್ತದೆ. ಗಾಡಿ ಗ್ಯಾರೇಜಿನಲ್ಲಿ ನಿಂತಿರುವ ಅವಧಿಯಲ್ಲಿ ಹತ್ತು ದಿನ ಬಾಡಿಗೆ ಕಾರಿನಲ್ಲಿ ಓಡಾಡಿದರೆ ದಿನಕ್ಕೆ 2,500ರಂತೆ ಇನ್ನೂ 25,000. ಈ ಬಾಬ್ತನ್ನು ಬಹುತೇಕರು ಮರೆಯುತ್ತಾರೆ. ಬಿಡಿಭಾಗ ಬರಲಿಲ್ಲ, ಬೋರಿಂಗ್ ಮಾಡುವವನು ಊರಿಗೆ ಹೋಗಿದ್ದಾನೆ ಎಂದು ವಾರಗಳು ಉರುಳಿದಾಗ ನೆನಪಾಗುತ್ತದೆ.

ಹೀಗೆ ಸರಾಸರಿ ಲೆಕ್ಕದಲ್ಲಿ ಕಾರು ರಸ್ತೆಗಿಳಿಯುವಾಗ ಅದರ ಬೆಲೆ 2,91,000 ರೂಪಾಯಿ. ಸುಸ್ಥಿತಿಯ ಕಾರಿಗಿಂತ 34,000 ಕಡಿಮೆ. ವ್ಯವಹಾರ ಲಾಭದ್ದೆಂದೇ ತೋರುತ್ತದೆ. ಆದರೆ ಸರಾಸರಿ ಎಂಬುದು ಯಾರಿಗೆ ಸಿಗುತ್ತದೆ? ವರ್ಷಕ್ಕೆ ಹತ್ತು ಇಪ್ಪತ್ತು ಇಂಥ ಗಾಡಿಗಳನ್ನು ಕೊಂಡು, ತನ್ನದೇ ಗ್ಯಾರೇಜಿನಲ್ಲಿ ರಿಪೇರಿ ಮಾಡಿ ಮಾರುವವನಿಗೆ ಸಿಗುತ್ತದೆ. ಎರಡು ಗಾಡಿಗಳಲ್ಲಿ ಕಳೆದುಕೊಂಡದ್ದನ್ನು ಅವನು ಎಂಟರಲ್ಲಿ ತುಂಬಿಕೊಳ್ಳುತ್ತಾನೆ. ಉದ್ಯಮಬಾಗದ ಸಂಸ್ಥೆಯು ಕೊಳ್ಳುವುದು ಒಂದೇ ಕಾರು. ಅದಕ್ಕೆ ಸಿಗುವುದು 2,50,000, 2,95,000 ಅಥವಾ 3,65,000 ರೂಪಾಯಿಯ ಕಾರು, ಮೂರರಲ್ಲಿ ಒಂದು. ಮೂರನೆಯದು ಬಂದರೆ ಸುಸ್ಥಿತಿಯ ಕಾರಿಗಿಂತ 40,000 ಹೆಚ್ಚು ತೆತ್ತಂತೆ, ಅದರ ಜೊತೆಗೆ ಒಂದು ತಿಂಗಳ ತಾಪತ್ರಯ.

ಒಂದೇ ಕಾರು ಕೊಳ್ಳುವವರು ತಮ್ಮ ಗರಿಷ್ಠ ಬೆಲೆಯನ್ನು ಕೆಟ್ಟ ಫಲಿತಾಂಶದ ಕಡೆಯಿಂದ ಹಿಂದಕ್ಕೆ ಲೆಕ್ಕ ಹಾಕುವುದು ಕ್ಷೇಮ. 3,25,000ದಲ್ಲಿ 1,60,000 ದುರಸ್ತಿಯನ್ನೂ 25,000 ಬಾಡಿಗೆಯನ್ನೂ ಕಳೆದರೆ 1,40,000 ಉಳಿಯುತ್ತದೆ. ಈ ಬೆಲೆಗೆ ಕಾರು ದೊರೆತರೆ ಎಂಜಿನ್ ಎಷ್ಟೇ ಕೆಟ್ಟಿದ್ದರೂ ಕೊಂಡವರಿಗೆ ನಷ್ಟವಿಲ್ಲ. 1,40,000ದ ಮೇಲೆ ಕೊಡುವ ಪ್ರತಿ ರೂಪಾಯಿಯೂ ಅದೃಷ್ಟದ ಮೇಲೆ ಹೂಡಿದ ರೂಪಾಯಿ. ಅದನ್ನು ಹೂಡಬಾರದೆಂದಿಲ್ಲ, ಹೂಡುತ್ತಿದ್ದೇವೆ ಎಂಬುದು ಗೊತ್ತಿರಬೇಕು. ಮಾರುವವರು 1,40,000ಕ್ಕೆ ಒಪ್ಪುವುದು ಅಪರೂಪವೇ. ಗ್ಯಾರೇಜಿನವನು ಸರಾಸರಿಯ ಲೆಕ್ಕದಲ್ಲಿ ಅವರಿಗೆ ಹೆಚ್ಚು ಕೊಡಬಲ್ಲ. ಅಂದರೆ ಇಂಥ ಕಾರು ಸಹಜವಾಗಿ ಸೇರಬೇಕಾದದ್ದು ಗ್ಯಾರೇಜಿನವನ ಕೈಗೆ. ಅವನನ್ನು ದಾಟಿ ಅದು ವ್ಯಾಪಾರಸ್ಥರೊಬ್ಬರ ಬಾಗಿಲಿಗೆ ಬಂದಿದೆಯೆಂದರೆ, ಅವನು ಏಕೆ ಬಿಟ್ಟ ಎಂದು ವಿಚಾರಿಸುವುದು ಒಳ್ಳೆಯದು.

ಇನ್ನೊಂದು ಪಕ್ಕದ ಮಾತನ್ನೂ ಹೇಳಬೇಕು. 3,25,000ದ 'ಸುಸ್ಥಿತಿಯ' ಕಾರು ಕೂಡ ಹದಿಮೂರು ಹದಿನಾಲ್ಕು ವರ್ಷ ಓಡಿದ ಎಂಜಿನ್ನನ್ನೇ ಹೊತ್ತಿರುತ್ತದೆ. ಸರಿಯಾಗಿ ಬೋರಿಂಗ್ ಆಗಿ, ಹೊಸ ಪಿಸ್ಟನ್ ಕೂತ ಎಂಜಿನ್ ಅದಕ್ಕಿಂತ ಹೆಚ್ಚು ಕಾಲ ಬಾಳಬಹುದು. ಐದಾರು ವರ್ಷ ತಾವೇ ಓಡಿಸುವವರಿಗೆ ಇದು ನಿಜವಾದ ಲಾಭ. ಎರಡು ವರ್ಷದಲ್ಲಿ ಮಾರುವವರಿಗೆ ಅದರ ಬೆಲೆ ದೊರೆಯುವುದಿಲ್ಲ. ದುರಸ್ತಿಯ ಬಿಲ್ಲನ್ನು ನೋಡಿ ಪೇಟೆಯು ಹೆಚ್ಚು ಕೊಡುವ ಬದಲು 'ಎಂಜಿನ್ ಬಿಚ್ಚಿದ ಗಾಡಿ' ಎಂದು ಕಡಿಮೆ ಕೇಳುತ್ತದೆ. ಇದಕ್ಕೆ 25,000 ಕಳೆದರೆ ಮೇಲೆ ಹೇಳಿದ ಸರಾಸರಿ ಲಾಭ 9,000 ರೂಪಾಯಿಗೆ ಇಳಿಯುತ್ತದೆ. ಅಷ್ಟಕ್ಕಾಗಿ ಒಂದು ತಿಂಗಳು ಗ್ಯಾರೇಜಿಗೆ ಅಲೆಯುವುದು ಕಾರ್ಖಾನೆ ನಡೆಸುವವರಿಗೆ ತರವಲ್ಲ.

ಅನಿಶ್ಚಿತತೆಯನ್ನು ಅಗ್ಗವಾಗಿ ಕಡಿಮೆ ಮಾಡುವುದು

ಎಂಜಿನ್ ಬಿಚ್ಚದೆಯೂ ಒಳಗಿನ ಸ್ಥಿತಿಯನ್ನು ತಕ್ಕಮಟ್ಟಿಗೆ ಅರಿಯಬಹುದು. ಕೆಲವು ಸಾವಿರ ರೂಪಾಯಿ ವೆಚ್ಚದ ಈ ತಪಾಸಣೆಯು ಮೂರು ಫಲಿತಾಂಶಗಳಲ್ಲಿ ಒಂದನ್ನಾದರೂ ಪಟ್ಟಿಯಿಂದ ತೆಗೆದುಹಾಕಿದರೆ, ಇಡೀ ವ್ಯವಹಾರದಲ್ಲಿ ಅದಕ್ಕಿಂತ ಸಾರ್ಥಕವಾದ ಖರ್ಚು ಬೇರೊಂದಿಲ್ಲ.

ಕಾರನ್ನು ಬೆಳಿಗ್ಗೆ, ತಣ್ಣಗಿರುವಾಗಲೇ ನೋಡಬೇಕು. ಬಾನೆಟ್ಟಿನ ಮೇಲೆ ಕೈಯಿಟ್ಟಾಗ ಬೆಚ್ಚಗಿದ್ದರೆ ಮಾರುವವರು ಮೊದಲೇ ಓಡಿಸಿಟ್ಟಿದ್ದಾರೆ ಎಂದರ್ಥ. ಇನ್ನೊಂದು ದಿನ ಬರುವುದೇ ಸರಿ. ಹೊಗೆಯ ಬಣ್ಣ ಬಹಳಷ್ಟನ್ನು ಹೇಳುತ್ತದೆ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ ಇದ್ದರೆ ಕೂಲಂಟ್ ಒಳಗೆ ಸೇರುತ್ತಿರಬಹುದು. ಕಪ್ಪು ಹೊಗೆಯಾದರೆ ಇಂಧನ ಹೆಚ್ಚು ಅಥವಾ ಗಾಳಿ ಕಡಿಮೆ. ಡೀಸೆಲ್ ಗಾಡಿಯಲ್ಲಿ ಇಂಜೆಕ್ಟರ್, ಟರ್ಬೊ, ಇ.ಜಿ.ಆರ್. ವಾಲ್ವ್‌ಗಳ ಕಡೆ ನೋಡಬೇಕು. ಎಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ತೆಗೆದರೆ ಹೊಗೆ ಬುಸುಗುಟ್ಟುತ್ತ ಬರುತ್ತಿದೆಯೆಂದರೆ ರಿಂಗುಗಳು ಸವೆದಿವೆ. ಮುಚ್ಚಳದ ಒಳಗಡೆ ಹಾಲು ಬೆರೆಸಿದ ಚಹದ ಬಣ್ಣದ ಜಿಡ್ಡು ಇದ್ದರೆ ಆಯಿಲ್‌ಗೆ ನೀರು ಬೆರೆತಿದೆ. ಒಮ್ಮೆ ಅತಿಯಾಗಿ ಕಾದ ಎಂಜಿನ್ನಿನಲ್ಲಿ ಅಲ್ಯುಮಿನಿಯಂ ಹೆಡ್ ಸೊಟ್ಟಗಾಗಿರುವ ಸಂಭವವಿದ್ದು, ಗ್ಯಾಸ್ಕೆಟ್ ಬದಲಿಸಿದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ.

ಇವುಗಳಿಗಿಂತ ಖಚಿತವಾದದ್ದು ಕಂಪ್ರೆಷನ್ ಪರೀಕ್ಷೆ. ಪೆಟ್ರೋಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಗಾಡಿಯಲ್ಲಿ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಕಳಚಿ ಅಲ್ಲಿ ಗೇಜ್ ಕೂರಿಸಿ ಒಂದೊಂದು ಸಿಲಿಂಡರಿನ ಒತ್ತಡವನ್ನೂ ಅಳೆಯುತ್ತಾರೆ. ನಾಲ್ಕೂ ಸಿಲಿಂಡರುಗಳು ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಬೇಕು, ಶೇ. 10–15ಕ್ಕಿಂತ ಹೆಚ್ಚಿನ ವ್ಯತ್ಯಾಸ ಕಂಡರೆ ಕಡಿಮೆ ತೋರಿಸಿದ ಸಿಲಿಂಡರಿನಲ್ಲಿ ದೋಷವಿದೆ. ಪೆಟ್ರೋಲ್ ಗಾಡಿಯಲ್ಲಿ ಆ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ರಿಂಗು ಅಥವಾ ಬೋರು ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಎಂದು ತಿಳಿಯಬಹುದು. ಡೀಸೆಲ್ ಗಾಡಿಯಲ್ಲಿ ಆಯಿಲ್ ಬಿಡುವ ಈ ಉಪಾಯ ಬೇಡ. ಸಣ್ಣ ಕ್ಯಾಮೆರಾ ಇಳಿಸಿ ಸಿಲಿಂಡರಿನ ಗೋಡೆಯ ಗೀರುಗಳನ್ನು ತೋರಿಸುವ ಗ್ಯಾರೇಜುಗಳೂ ಈಗ ಇವೆ. ಈ ಪರೀಕ್ಷೆಗಳನ್ನು ಮಾರುವವರ ಮೇಸ್ತ್ರಿಯಿಂದಾಗಲಿ, ಮುಂದೆ ದುರಸ್ತಿಯ ಕೆಲಸ ಸಿಗಲೆಂದು ಕಾದಿರುವ ಮೇಸ್ತ್ರಿಯಿಂದಾಗಲಿ ಮಾಡಿಸದೆ, ಪರೀಕ್ಷೆಯ ಶುಲ್ಕ ಪಡೆದು ದೂರ ಸರಿಯುವ ಮೂರನೆಯವರಿಂದ ಮಾಡಿಸುವುದು ಲೇಸು. ಲೆಕ್ಕ ಬರೆಯುವವರೇ ಲೆಕ್ಕ ಪರಿಶೋಧಿಸಬಾರದು ಎಂಬ ನಿಯಮದ ಹಿಂದಿರುವ ಕಾರಣವೇ ಇಲ್ಲಿಯೂ ಇದೆ.

ಎಂಜಿನ್ ಯಾವುದು ಎಂಬುದೂ ಮುಖ್ಯ. ಉದಾಹರಣೆಯ ಕಾರಿನಲ್ಲಿರುವುದು ಫಿಯೆಟ್ ಮೂಲದ 1,248 ಸಿ.ಸಿ. ಡೀಸೆಲ್ ಎಂಜಿನ್. ಮಾರುತಿಯ ಸ್ವಿಫ್ಟ್, ರಿಟ್ಜ್, ಎರ್ಟಿಗಾ. ಟಾಟಾದ ಇಂಡಿಕಾ ವಿಸ್ಟಾ, ಮಾಂಝಾ. ಫಿಯೆಟ್‌ನದೇ ಪುಂಟೊ, ಲಿನಿಯಾ ಹೀಗೆ ಹಲವು ಕಾರುಗಳಲ್ಲಿ ಇದು ದುಡಿದಿದೆ. 2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ಮಾಲಿನ್ಯ ಮಾನದಂಡ ಜಾರಿಯಾದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಆದರೂ ಓಡುತ್ತಿರುವ ಗಾಡಿಗಳು ಬಹಳವಿರುವುದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳವರೆಗೆ ಬಿಡಿಭಾಗಗಳಿಗೂ ಕೈ ಪಳಗಿದ ಮೇಸ್ತ್ರಿಗಳಿಗೂ ಬರವಿಲ್ಲ. ಕೆಲವೇ ಸಾವಿರ ಮಾರಾಟವಾಗಿ ನಿಂತುಹೋದ ವಿದೇಶಿ ಕಾರಾಗಿದ್ದರೆ ಮೇಲಿನ 1,60,000 ಎಂಬ ಅಂಕಿಗೆ ಮೇಲ್ಮಿತಿಯೇ ಇರುತ್ತಿರಲಿಲ್ಲ. ಪೆಟ್ರೋಲ್ ಗಾಡಿ ಕೊಳ್ಳುವವರು ಶೇ. 20 ಎಥನಾಲ್ ಬೆರೆತ ಪೆಟ್ರೋಲನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಹಳೆಯ ನಾಲ್ಕು ಚಕ್ರದ ವಾಹನಗಳಲ್ಲಿ ಇದರಿಂದ ಇಂಧನ ಕ್ಷಮತೆ ಶೇ. 6–7ರಷ್ಟು ಕುಗ್ಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು.

ಬೆಳಗಾವಿ ಭಾಗದವರು ನೋಡಬೇಕಾದ ಮತ್ತೊಂದು ಸಂಗತಿಯೂ ಇದೆ. 2019ರ ಆಗಸ್ಟ್‌ನಲ್ಲಿ ಕೊಲ್ಹಾಪುರ, ಸಾಂಗ್ಲಿ, ಬೆಳಗಾವಿ ಜಿಲ್ಲೆಗಳಲ್ಲಿ ಬಂದ ಪ್ರವಾಹದಲ್ಲಿ ವಾಹನಗಳೂ ಮುಳುಗಿದವು. ಸೀಟಿನ ಹಳಿಗಳಲ್ಲಿ ತುಕ್ಕು, ಕಾರ್ಪೆಟ್ಟಿನ ಅಡಿಯಲ್ಲಿ ಸಣ್ಣ ಮಣ್ಣು, ವೈರಿಂಗ್ ಜೋಡಣೆಗಳಲ್ಲಿ ಹಸಿರು ಕಿಲುಬು ಕಂಡರೆ ಎಂಜಿನ್ ಕೆಲಸದ ಮಾತನ್ನು ಬದಿಗಿಟ್ಟು ಆ ಕಾರನ್ನೇ ಬಿಡುವುದು ವಿವೇಕ.

ಎಂಜಿನ್ ಬಿಚ್ಚಿದ ಮೇಲಿನ ಎರಡನೆಯ ತೀರ್ಮಾನ

ಚೌಕಾಶಿಯ ನಂತರ ಸಂಸ್ಥೆಯು 1,55,000ಕ್ಕೆ ಕಾರನ್ನು ಕೊಂಡಿತೆಂದೂ, 15,000 ಕೊಟ್ಟು ಎಂಜಿನ್ ಬಿಚ್ಚಿಸಿದಾಗ ಮೂರನೆಯ ಬಗೆಯೇ ಕಂಡುಬಂದಿತೆಂದೂ ಭಾವಿಸಬಹುದು. ಇನ್ನೂ 1,45,000 ಬೇಕು. 'ಇಷ್ಟು ಹಾಕಿಯಾಗಿದೆ, ಈಗ ಹಿಂದೆ ಸರಿಯುವುದು ಹೇಗೆ' ಎಂಬ ಮಾತು ಹುಟ್ಟುವುದು ಇಲ್ಲಿಯೇ. ಖರ್ಚಾಗಿಹೋದ 1,70,000ಕ್ಕೂ ಈ ತೀರ್ಮಾನಕ್ಕೂ ಸಂಬಂಧವಿಲ್ಲ. ಮುಂದೆ ಹಾಕಬೇಕಾದ ಹಣಕ್ಕೆ ಏನು ದೊರೆಯುತ್ತದೆ, ಈಗಲೇ ನಿಲ್ಲಿಸಿದರೆ ಏನು ದೊರೆಯುತ್ತದೆ ಎಂಬ ಎರಡನ್ನೇ ತೂಗಬೇಕು.

ಬಿಚ್ಚಿದ ಸ್ಥಿತಿಯಲ್ಲಿಯೇ ಗ್ಯಾರೇಜಿನವನು 75,000 ಕೊಡುತ್ತಾನೆ. ಪೂರ್ತಿ ದುರಸ್ತಿಯಾದರೆ ಕಾರಿನ ಬೆಲೆ 3,00,000. ಅದರಲ್ಲಿ 1,45,000 ಕಳೆದರೆ 1,55,000. ಇದು 75,000ಕ್ಕಿಂತ ಹೆಚ್ಚು, ಆದ್ದರಿಂದ ಮುಂದುವರಿಯುವುದೇ ಸರಿ. ಒಟ್ಟು ಲೆಕ್ಕದಲ್ಲಿ ಬಾಡಿಗೆಯೂ ಸೇರಿ 3,40,000 ಆಗಿ, ಸುಸ್ಥಿತಿಯ ಕಾರಿಗಿಂತ 15,000 ಹೆಚ್ಚಾಯಿತು ನಿಜ. ಅದು ಕೊಂಡಾಗಲೇ ಆದ ನಷ್ಟ, ದುರಸ್ತಿಯನ್ನು ನಿಲ್ಲಿಸುವುದರಿಂದ ಅದು ಮರಳಿ ಬರುವುದಿಲ್ಲ. ಅಷ್ಟರಲ್ಲಿ ಗೇರ್‌ಬಾಕ್ಸ್ ಮತ್ತು ಎ.ಸಿ. ಕಂಪ್ರೆಸರ್ ಕೂಡ ಹೋಗಿವೆ, ಇನ್ನೊಂದು ಲಕ್ಷ ಬೇಕು ಎಂದಾದರೆ ಉತ್ತರ ತಿರುವುಮುರುವಾಗುತ್ತದೆ. 3,00,000ದಲ್ಲಿ 2,45,000 ಕಳೆದು ಉಳಿಯುವುದು 55,000 ಮಾತ್ರ. ಗ್ಯಾರೇಜಿನವನ 75,000 ತೆಗೆದುಕೊಂಡು ಕೈ ತೊಳೆದುಕೊಳ್ಳಬೇಕು. ಯಾವ ಮೊತ್ತ ಮೀರಿದರೆ ನಿಲ್ಲಿಸುವುದು ಎಂಬುದನ್ನು ಕೊಳ್ಳುವ ದಿನವೇ ಬರೆದಿಟ್ಟುಕೊಂಡರೆ ಅನುಕೂಲ. ಈ ಉದಾಹರಣೆಯಲ್ಲಿ ಅದು 2,25,000. ಗ್ಯಾರೇಜಿನ ಅಂಗಳದಲ್ಲಿ, ಬಿಚ್ಚಿ ಹರಡಿದ ಎಂಜಿನ್ನಿನ ಮುಂದೆ ನಿಂತು ಹಾಕುವ ಲೆಕ್ಕ ಸರಿಯಾಗುವುದು ಕಡಿಮೆ.

ಕಡಿಮೆ ಖರ್ಚಿನ ದಾರಿಯೆಂದು ಗುಜರಿಯಿಂದ ಬೇರೊಂದು ಎಂಜಿನ್ ತಂದು ಕೂರಿಸುವ ಸಲಹೆಯೂ ಬರುತ್ತದೆ. ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆ ನಮೂದಾಗಿರುತ್ತದೆ. ಆರ್‌ಟಿಓ ಅನುಮತಿ ಪಡೆದು ಹೊಸ ಸಂಖ್ಯೆಯನ್ನು ದಾಖಲಿಸದಿದ್ದರೆ ವಿಮಾ ಪರಿಹಾರಕ್ಕೂ ಮರುನೋಂದಣಿಗೂ ತೊಡಕು. ಆ ಎಂಜಿನ್ ಕಳವಿನ ಗಾಡಿಯದಾಗಿದ್ದರೆ ತೊಡಕಿನ ಸ್ವರೂಪವೇ ಬೇರೆ.

ತೆರಿಗೆಯಲ್ಲಿ ಎಷ್ಟು ಉಳಿಯುತ್ತದೆ

'ಹೇಗೂ ಸಂಸ್ಥೆಯ ಖರ್ಚಿಗೆ ಹಾಕುತ್ತೇವೆ' ಎಂಬ ಸಮಾಧಾನದಲ್ಲಿ ಅನೇಕರು ಇಂಥ ಕಾರು ಕೊಳ್ಳುತ್ತಾರೆ. ಆ ಸಮಾಧಾನಕ್ಕೆ ಆಧಾರ ಕಡಿಮೆ.

ಮೊದಲನೆಯದಾಗಿ ಜಿಎಸ್‌ಟಿ. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳ ಮೇಲೆ ಸಾಮಾನ್ಯ ವ್ಯಾಪಾರಸ್ಥರಿಗೆ ಇನ್‌ಪುಟ್ ತೆರಿಗೆ ಜಮೆ ಇಲ್ಲ; ಅವುಗಳ ದುರಸ್ತಿ ಮತ್ತು ವಿಮೆಯ ಮೇಲಿನ ತೆರಿಗೆಗೂ ಇಲ್ಲ. ಗ್ಯಾರೇಜಿನ ಬಿಲ್ಲಿನಲ್ಲಿರುವ ಶೇ. 18 ಪೂರ್ತಿಯಾಗಿ ಖರ್ಚೇ. (ಸರಕು ಸಾಗಿಸುವ ಪಿಕಪ್ ವಾಹನಕ್ಕೆ ಈ ನಿರ್ಬಂಧವಿಲ್ಲ, ಅದರ ಲೆಕ್ಕ ಬೇರೆ.)

ಎರಡನೆಯದು ಹೆಚ್ಚು ಮುಖ್ಯ. ಕೊಂಡ ಕೂಡಲೇ ಮಾಡಿಸುವ ಎಂಜಿನ್ ಕೆಲಸವನ್ನು 'ವಾಹನ ದುರಸ್ತಿ' ಖಾತೆಗೆ ಬರೆದು ಒಂದೇ ವರ್ಷದಲ್ಲಿ ಕಳೆಯುವ ರೂಢಿ ಇದೆ. ಈ ಪ್ರಶ್ನೆ ಹೊಸದಲ್ಲ. 1919ರಲ್ಲಿ ಬ್ರಿಟನ್ನಿನ ಲಾ ಶಿಪ್ಪಿಂಗ್ ಕಂಪನಿಯು ತಪಾಸಣೆಯ ಅವಧಿ ಮೀರಿದ್ದ ಒಂದು ಹಡಗನ್ನು 97,000 ಪೌಂಡಿಗೆ ಕೊಂಡಿತು. ಒಂದು ಯಾನ ಮುಗಿದ ಮೇಲೆ ದುರಸ್ತಿಗೆ 51,558 ಪೌಂಡ್ ತಗುಲಿತು. ಅದರಲ್ಲಿ ತಾನು ಹಡಗನ್ನು ಬಳಸಿದ ಅವಧಿಗೆ ಸೇರಿದ ಸುಮಾರು 12,000 ಪೌಂಡ್ ಮಾತ್ರ ಕಂಪನಿಗೆ ಖರ್ಚಾಗಿ ದೊರೆಯಿತು. ಉಳಿದದ್ದು ಹಿಂದಿನ ಮಾಲೀಕರ ಕಾಲದ ಸವೆತ. ಹಡಗು ಸುಸ್ಥಿತಿಯಲ್ಲಿದ್ದಿದ್ದರೆ ಬೆಲೆಯೇ ಅಷ್ಟು ಹೆಚ್ಚಿರುತ್ತಿತ್ತು, ಆದ್ದರಿಂದ ಅದು ಬಂಡವಾಳ ವೆಚ್ಚ ಎಂದು ನ್ಯಾಯಾಲಯ ಹೇಳಿತು. ಹಡಗಿನ ಜಾಗದಲ್ಲಿ ಕಾರನ್ನು ಇಟ್ಟರೂ ತರ್ಕ ಹಾಗೆಯೇ ನಿಲ್ಲುತ್ತದೆ. ನಮ್ಮ ಸುಪ್ರೀಂ ಕೋರ್ಟ್ ಕೂಡ 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ, ಚಾಲ್ತಿ ದುರಸ್ತಿ ಎಂದರೆ ಈಗಾಗಲೇ ಇರುವ ಆಸ್ತಿಯನ್ನು ಕಾಪಾಡಿಕೊಳ್ಳಲು ಮಾಡುವ ಖರ್ಚು ಎಂಬ ಅರ್ಥವನ್ನೇ ಎತ್ತಿಹಿಡಿಯಿತು.

ಹೀಗಾಗಿ 1,55,000 ಮತ್ತು 1,60,000 ಎರಡೂ ಸೇರಿ 3,15,000 ಕಾರಿನ ಮೂಲ ಬೆಲೆ. ಶೇ. 15ರ ಸವಕಳಿಯಂತೆ ಮೊದಲ ವರ್ಷ ಸಿಗುವುದು 47,250; ಕಾರು ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಕೆಯಾಗಿದ್ದರೆ ಅದರಲ್ಲಿ ಅರ್ಧ. ಶೇ. 30 ತೆರಿಗೆ ತೆರುವ ಪಾಲುದಾರಿಕೆ ಸಂಸ್ಥೆಗೆ ಸೆಸ್ ಬಿಟ್ಟು 14,175 ರೂಪಾಯಿ ಉಳಿತಾಯ. ಮನೆಯ ಬಳಕೆಯ ಪಾಲನ್ನು ಅಧಿಕಾರಿಯು ಕಡಿತಗೊಳಿಸಿದರೆ ಇನ್ನೂ ಕಡಿಮೆ. ಅಂದಾಜು ಲಾಭದ ಯೋಜನೆಯಡಿ ವಹಿವಾಟಿನ ಶೇ. 8 ಅಥವಾ 6ನ್ನು ಆದಾಯವೆಂದು ತೋರಿಸುವ ವ್ಯಾಪಾರಸ್ಥರಿಗೆ ಸವಕಳಿಯನ್ನು ಪ್ರತ್ಯೇಕವಾಗಿ ಕಳೆಯುವ ಅವಕಾಶವೇ ಇಲ್ಲ. ಅವರಿಗೆ ತೆರಿಗೆಯಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ.

ನಗದಿನ ವಿಷಯದಲ್ಲಿ ಎಚ್ಚರ ತಪ್ಪುವುದೇ ಹೆಚ್ಚು. ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದಾಗಿ ಕೊಟ್ಟದ್ದು ಆಸ್ತಿಯ ಮೂಲ ಬೆಲೆಗೆ ಸೇರುವುದಿಲ್ಲ. ಕಾರಿನ ಬೆಲೆಯನ್ನು ನೋಟಿನ ಕಟ್ಟಿನಲ್ಲಿ ಎಣಿಸಿ ಕೊಟ್ಟವರಿಗೆ ಅಷ್ಟರ ಮೇಲಿನ ಸವಕಳಿ ಶಾಶ್ವತವಾಗಿ ಹೋದಂತೆ. ಬಿಡಿಭಾಗಗಳ ಅಂಗಡಿಗೂ ಇದೇ ನಿಯಮ.

ಹಣ ಎಲ್ಲಿಂದ ಬರುತ್ತದೆ ಎಂಬುದೂ ಕೇಳಬೇಕಾದ ಪ್ರಶ್ನೆ. ಇಷ್ಟು ಹಳೆಯ, ಅದರಲ್ಲಿಯೂ ಕೆಟ್ಟು ನಿಂತ ಕಾರಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಕೊಳ್ಳುವ ಹಣ, ದುರಸ್ತಿಯ ಹಣ ಎರಡೂ ದುಡಿಯುವ ಬಂಡವಾಳದಿಂದಲೇ, ಎಂದರೆ ಕ್ಯಾಶ್ ಕ್ರೆಡಿಟ್ ಖಾತೆಯಿಂದಲೇ ಹೊರಬರುತ್ತವೆ. ಮೂರು ಲಕ್ಷ ಅಲ್ಲಿ ಸಿಕ್ಕಿಬಿದ್ದು, ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರೊಬ್ಬರ ಬಾಕಿಯು 45 ದಿನಗಳ ಮಿತಿಯನ್ನೂ ಮಾರ್ಚ್ 31ನ್ನೂ ದಾಟಿತೆಂದರೆ, ಆ ಖರೀದಿಯ ಮೊತ್ತ ಆ ವರ್ಷದ ಖರ್ಚಾಗಿ ದೊರೆಯುವುದಿಲ್ಲ; ಪಾವತಿಸಿದ ವರ್ಷದಲ್ಲಿಯೇ ದೊರೆಯುತ್ತದೆ. ಕಾರಿನಲ್ಲಿ ಉಳಿಸಿದ ಒಂಬತ್ತು ಸಾವಿರವನ್ನು ಇಂಥ ಒಂದು ಬಿಲ್ಲು ನುಂಗಿಬಿಡಬಲ್ಲದು.

ಕಾಗದಪತ್ರ

2012ರ ಕಾರಿನ ನೋಂದಣಿ 15 ವರ್ಷಗಳ ನಂತರ, 2027ರಲ್ಲಿ, ಮುಗಿಯುತ್ತದೆ. ಆಮೇಲೆ ಅರ್ಹತಾ ತಪಾಸಣೆಗೆ ಒಳಪಟ್ಟು ಐದೈದು ವರ್ಷಗಳಿಗೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಕಾರುಗಳ ನವೀಕರಣ ಶುಲ್ಕ 600ರಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ನಿಗದಿಯಾಯಿತು. ಇದರ ಜೊತೆಗೆ ಹಸಿರು ತೆರಿಗೆ ಇದೆ. ಗಡಿ ಭಾಗದಲ್ಲಿ ಮಹಾರಾಷ್ಟ್ರ, ಗೋವಾ ನೋಂದಣಿಯ ಕಾರುಗಳು ಅಗ್ಗವೆಂದು ತೋರಲು ಒಂದು ಕಾರಣ, ನಿರಾಕ್ಷೇಪಣಾ ಪತ್ರ ತಂದು ಕರ್ನಾಟಕದ ಜೀವಾವಧಿ ತೆರಿಗೆಯನ್ನು ಕಟ್ಟುವ ಹೊಣೆ ಕೊಂಡವರ ಮೇಲೆ ಬೀಳುವುದು.

ಸಾಲದ ನಮೂದು ತೆಗೆದಿದೆಯೇ, ದಂಡದ ಬಾಕಿ ಇದೆಯೇ ಎಂಬುದನ್ನು ಪರಿವಾಹನ್ ಜಾಲತಾಣದಲ್ಲಿ ನೋಡಬಹುದು. ಹೆಸರು ಬದಲಾವಣೆಯನ್ನು 'ದುರಸ್ತಿ ಮುಗಿಯಲಿ' ಎಂದು ಮುಂದೂಡುವುದು ಎರಡೂ ಕಡೆಯವರಿಗೆ ಅಪಾಯಕರ. ನೋಂದಣಿ ಪತ್ರದಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಕಾರಿನೊಡನೆ ಬರುವುದಿಲ್ಲ.

ದುರಸ್ತಿಯ ಬಿಲ್ಲುಗಳನ್ನು ಕಾಪಾಡಿಡಬೇಕಾದ ಕಾರಣ ಕಾರನ್ನು ಮಾರುವಾಗ ತಿಳಿಯುತ್ತದೆ. ಜಿಎಸ್‌ಟಿ ನೋಂದಾಯಿತ ಸಂಸ್ಥೆಯು ತನ್ನ ಹಳೆಯ ಕಾರನ್ನು ಮಾರಿದಾಗ, ಸವಕಳಿ ಕಳೆದು ಪುಸ್ತಕದಲ್ಲಿ ಉಳಿದ ಬೆಲೆಗಿಂತ ಹೆಚ್ಚಾಗಿ ಬಂದ ಹಣದ ಮೇಲೆ ತೆರಿಗೆ ಕಟ್ಟಬೇಕು. 2025ರ ಜನವರಿ 16ರಿಂದ ಎಲ್ಲ ಗಾತ್ರದ ಕಾರುಗಳಿಗೂ ಅದರ ದರ ಶೇ. 18. ಪೂರ್ತಿ 3,15,000ವನ್ನು ಕಾರಿನ ಖಾತೆಯಲ್ಲಿ ಬರೆದಿದ್ದರೆ ನಾಲ್ಕು ವರ್ಷದ ಸವಕಳಿಯ ನಂತರ 1,64,000ಕ್ಕೂ ಹೆಚ್ಚು ಉಳಿದಿರುತ್ತದೆ. 1,50,000ಕ್ಕೆ ಮಾರಿದರೆ ಜಿಎಸ್‌ಟಿ ಇಲ್ಲ. ದುರಸ್ತಿಯನ್ನು ಬಿಲ್ಲಿಲ್ಲದೆ ಮಾಡಿಸಿ 1,55,000ವನ್ನಷ್ಟೇ ಬರೆದಿದ್ದರೆ ಉಳಿದಿರುವುದು ಸುಮಾರು 81,000. ಅದೇ 1,50,000ದ ಮಾರಾಟದ ಮೇಲೆ ಸುಮಾರು 12,400 ರೂಪಾಯಿ ತೆರಿಗೆ ಕಟ್ಟಬೇಕಾಗುತ್ತದೆ.